ಕಾಡಿನೊಳಗಿನ ರಸ್ತೆ, ಕಾಡಿನೊಳಗಿನ ಪೈಪು: ಊರವರ ಮಾತು ಕಡತ ಸೇರುವುದು ಎಲ್ಲಿ?

ಪ್ರಶ್ನೆ: ನಮ್ಮದು ಕಾಸರಗೋಡು ತಾಲೂಕಿನ ಪೂರ್ವ ಭಾಗದಲ್ಲಿ ಮೀಸಲು ಅರಣ್ಯಕ್ಕೆ ತಾಗಿಕೊಂಡಿರುವ ಒಂದು ಬೈಲು. ಇಪ್ಪತ್ತೆರಡು ಮನೆಗಳಿವೆ, ಅವುಗಳಲ್ಲಿ ಏಳು ಕೊರಗ ಬುಡಕಟ್ಟಿನವರವು. ಡಾಮಾರು ರಸ್ತೆ ಸೇರಲು ಕಾಡಿನ ನಡುವೆ ಒಂದೂವರೆ ಕಿಲೋಮೀಟರು ಮಣ್ಣಿನ ದಾರಿ. ಜೋರು ಮಳೆಯ ಆಟಿ ತಿಂಗಳಲ್ಲಿ ಜೀಪು ಕೂಡ ಬರುವುದಿಲ್ಲ. ಹೋದ ವರ್ಷ ನನ್ನ ಅತ್ತೆಯವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತುಕೊಂಡು ಬಂದೆವು. ಆ ದಾರಿಗೆ ಕಾಂಕ್ರೀಟು ಹಾಕಲು ಪಂಚಾಯತು ಹೊರಟಾಗ ಅರಣ್ಯದ ಜಾಗ ಎಂದು ತಡೆ ಬಂತು. ಈಗ ಅದೇ ಕಾಡಿನೊಳಗೆ ಯಾರೋ ಅಳತೆ ಮಾಡಿ, ಬಣ್ಣ ಬಳಿದ ಕಲ್ಲುಗಳನ್ನು ನೆಟ್ಟು ಹೋಗಿದ್ದಾರೆ. ದೊಡ್ಡ ಪೈಪು ಬರುತ್ತದೆಯಂತೆ. ನೀರಿನದೋ ಗ್ಯಾಸಿನದೋ ಗೊತ್ತಿಲ್ಲ. ನಮ್ಮನ್ನು ಯಾರೂ ಒಂದು ಮಾತು ಕೇಳಲಿಲ್ಲ. ನಮಗೆ ಹೇಳುವುದಿದ್ದರೆ ಎಲ್ಲಿ ಹೇಳಬೇಕು? ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೇ? ಕಲ್ಲುಗಳನ್ನು ಕಿತ್ತು ಹಾಕೋಣ ಎಂದು ಹುಡುಗರು ಹೇಳುತ್ತಿದ್ದಾರೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ವಿಷಯಗಳಿವೆ, ಎರಡಕ್ಕೂ ನೀವು ಒಂದೇ ಸಿಟ್ಟನ್ನು ಹಂಚಿದ್ದೀರಿ. ರಸ್ತೆ ಬೇಕು ಎಂದಾಗ ಅಡ್ಡ ಬಂದ ಕಾನೂನು, ಪೈಪು ಬೇಡ ಎಂದಾಗ ಎಲ್ಲಿ ಮಲಗಿತ್ತು ಎಂಬುದು ನಿಮ್ಮ ಸಂಕಟ. ಅದು ಮಲಗಿಲ್ಲ. ಎರಡಕ್ಕೂ ಒಂದೇ ಕಾಯ್ದೆ: 1980ರ ಅರಣ್ಯ ಸಂರಕ್ಷಣಾ ಕಾಯ್ದೆ. 2023ರಲ್ಲಿ ತಿದ್ದುಪಡಿಯಾಗಿ, ಆ ವರ್ಷದ ಡಿಸೆಂಬರ್ 1ರಿಂದ ಅದು ‘ವನ ಸಂರಕ್ಷಣ ಏವಂ ಸಂವರ್ಧನ ಅಧಿನಿಯಮ’ ಎಂಬ ಹೊಸ ಹೆಸರು ಹೊತ್ತುಕೊಂಡಿದೆ. ಅರಣ್ಯದ ಜಾಗವನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ ಕೇಂದ್ರ ಸರ್ಕಾರದ ಒಪ್ಪಿಗೆ ಮೊದಲೇ ಬೇಕು ಎನ್ನುವುದು ಅದರ ಎರಡನೆಯ ಸೆಕ್ಷನ್. ಪಂಚಾಯತಿಗೂ ಅದೇ, ಪೈಪಿನ ಕಂಪನಿಗೂ ಅದೇ. ನಂದಾರಪದವಿನಿಂದ ಪಾರಶ್ಶಾಲದವರೆಗೆ ಸರ್ಕಾರವೇ ಕಟ್ಟಲು ಹೊರಟ ಗುಡ್ಡಗಾಡಿನ ಹೆದ್ದಾರಿ ಕೂಡ ನಮ್ಮ ಜಿಲ್ಲೆಯ ಮರುತೋಂ ಕಾಡಿನ ತುಂಡಿಗೆ ಬಂದಾಗ ಈ ಒಪ್ಪಿಗೆಗಾಗಿ ಕಾಯಬೇಕಾಯಿತು.

ಈ ಕಾಯ್ದೆಯಲ್ಲಿ ನಿಮ್ಮಂಥವರನ್ನು ಕರೆದು ಕೂರಿಸಿ ಕೇಳುವ ಒಂದು ಸಭೆಯೂ ಇಲ್ಲ. ಜನ ಹಾಗೆಂದು ನಂಬುವುದಿಲ್ಲ. ದಿನಾಂಕ ಗೊತ್ತುಮಾಡಿ, ಶಾಮಿಯಾನ ಹಾಕಿ, ಮೈಕು ಕೊಡುತ್ತಾರೆ ಎಂದು ಕಾಯುತ್ತಿರುತ್ತಾರೆ. ಅಂಥ ಸಾರ್ವಜನಿಕ ಅಹವಾಲು ಸಭೆ ಇರುವುದು ಬೇರೆ ಕಡೆ, 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ. ಪಂಚಾಯತು ರಸ್ತೆ ಅದರ ವ್ಯಾಪ್ತಿಗೇ ಬರುವುದಿಲ್ಲ. ತೈಲ, ಅನಿಲದ ಪೈಪುಗಳು ರಾಷ್ಟ್ರೀಯ ಉದ್ಯಾನ, ವನ್ಯಜೀವಿ ಧಾಮ, ಹವಳದ ದಂಡೆ ಅಥವಾ ಪರಿಸರ ಸೂಕ್ಷ್ಮ ಪ್ರದೇಶದ ಮೂಲಕ ಹಾದುಹೋದರೆ ಮಾತ್ರ ಬರುತ್ತವೆ. ಬರೀ ಮೀಸಲು ಅರಣ್ಯವಾದರೆ ಇಲ್ಲ. ಅಂದರೆ ನಿಮ್ಮ ಬೈಲಿಗೆ ಶಾಮಿಯಾನ ಬಾರದಿರುವ ಸಂಭವವೇ ಹೆಚ್ಚು. ಇದು ಕಾನೂನಿನ ಕೊರತೆ ಎಂದು ನಾನು ತಿಳಿದಿದ್ದೇನೆ. ಆದರೆ ಕೊರತೆಯನ್ನು ದೂರುತ್ತಾ ಕುಳಿತರೆ ಕಡತ ಮುಂದೆ ಹೋಗುವುದು ನಿಲ್ಲುವುದಿಲ್ಲ. ಹಾಗಾಗಿ ಆ ಕಡತದೊಳಗೆ ನಿಮ್ಮ ಕಾಗದ ಸೇರುವ ಸಂದುಗಳನ್ನು ಹೇಳುತ್ತೇನೆ.

ಮೊದಲು ಜಾಗ ಯಾವುದು ಎಂಬುದು ಖಚಿತವಾಗಲಿ. ‘ಕಾಡು’ ಎಂದರೆ ಸಾಲದು. ಅಧಿಸೂಚನೆಯಾದ ಮೀಸಲು ಅರಣ್ಯವೇ, 1971ರ ಖಾಸಗಿ ಅರಣ್ಯಗಳ ಕಾಯ್ದೆಯಂತೆ ಸರ್ಕಾರದ ವಶವಾದ ‘ವೆಸ್ಟೆಡ್ ಫಾರೆಸ್ಟ್’ ಆಗಿದೆಯೇ, ಕಂದಾಯ ಪೊರಂಬೋಕೇ, ಅಂದರೆ ಅರಣ್ಯವಲ್ಲದ ಬರೀ ಸರ್ಕಾರಿ ಜಾಗವೇ? ಅಜ್ಜಂದಿರ ಕಾಲದಿಂದ ಕುಮ್ಕಿಯೆಂದು, ಅಂದರೆ ತೋಟಕ್ಕೆ ತಾಗಿದ ಸರ್ಕಾರಿ ಜಾಗವೆಂದು, ಸೊಪ್ಪು ಕಡಿದ ಜಾಗ ದಾಖಲೆಯಲ್ಲಿ ಅರಣ್ಯವಾಗಿರಬಹುದು. ಕಾಡೆಂದು ಹೆದರಿದ ಗುಡ್ಡೆ ಬರೀ ಪೊರಂಬೋಕಾಗಿರಬಹುದು. ಎರಡನ್ನೂ ಕಂಡಿದ್ದೇನೆ. ಇಲ್ಲಿ ಕನ್ನಡ ಬಲ್ಲವರಿಗೆ ಒಂದು ಅನುಕೂಲವಿದೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವ ಮೊದಲು ಈ ತಾಲೂಕು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು; ಹಳೆಯ ಅಡಂಗಲ್, ವರ್ಗದ ಕಾಗದಗಳಲ್ಲಿ ಕನ್ನಡದವು ಬೇಕಾದಷ್ಟಿವೆ. ಇಂದಿನ ಕಚೇರಿಯ ಹುಡುಗರು ಅವನ್ನು ತಿರುಗಿಸಿಯೂ ನೋಡುವುದಿಲ್ಲ, ಓದಲು ಬರುವುದಿಲ್ಲವಲ್ಲ. ನಿಮಗೆ ಬರುತ್ತದೆ.

ಈ ಹಳೆಯ ಕಾಗದದ ಬೆಲೆ ನಿಮ್ಮ ರಸ್ತೆಯ ವಿಷಯದಲ್ಲಿ ದೊಡ್ಡದು. 1980ರ ಅಕ್ಟೋಬರ್ 25 ಎಂಬ ದಿನಾಂಕವನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಅದಕ್ಕಿಂತ ಮೊದಲೇ ಕಾಡಿನೊಳಗೆ ಇದ್ದ ಮಣ್ಣಿನ ರಸ್ತೆಯನ್ನು ಅಗಲ ಹೆಚ್ಚಿಸದೆ, ಮರ ಕಡಿಯದೆ ಗಟ್ಟಿ ಮಾಡುವುದನ್ನು ಹೊಸದಾಗಿ ಅರಣ್ಯ ಬಿಟ್ಟುಕೊಟ್ಟಂತೆ ಎಣಿಸಬೇಕಿಲ್ಲ ಎಂದು ಕೇಂದ್ರ ಸಚಿವಾಲಯ ಸ್ಪಷ್ಟಪಡಿಸಿದೆ. ಅರಣ್ಯ ಇಲಾಖೆಯ ಅನುಮತಿ ಬೇಕು, ದಿಲ್ಲಿಗೋ ಸಚಿವಾಲಯದ ಬೆಂಗಳೂರು ಕಚೇರಿಗೋ ಕಡತ ಹೋಗಬೇಕಿಲ್ಲ. ಹಾಗಾದರೆ ನಿಮ್ಮ ದಾರಿ 1980ಕ್ಕಿಂತ ಹಳೆಯದು ಎಂದು ತೋರಿಸಬಲ್ಲಿರಾ? ‘ನಮ್ಮ ಅಜ್ಜ ಗಾಡಿ ಹೊಡೆಯುತ್ತಿದ್ದರು’ ಎಂಬುದು ಸಾಕ್ಷಿಯೇ, ಆದರೆ ದುರ್ಬಲ ಸಾಕ್ಷಿ. ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಯಲ್ಲಿ ಆ ದಾರಿ ಚುಕ್ಕೆಗೆರೆಯಾಗಿ ಇದೆಯೇ ನೋಡಿ. ಪಂಚಾಯತಿನ ಆಸ್ತಿ ವಹಿಯ ಹಳೆಯ ಸಂಪುಟ ಕೇಳಿ. ಹಿಂದೆ ಮೋರಿ ಹಾಕಿಸಿದ ಬಿಲ್ಲು, ಅರಣ್ಯ ಇಲಾಖೆಯವರೇ ಮರ ಸಾಗಿಸಲು ಆ ದಾರಿ ಬಳಸಿದ ದಾಖಲೆ, ಯಾವುದಾದರೂ ಆಗುತ್ತದೆ.

ಅದು ಸಾಧ್ಯವಾಗದಿದ್ದರೆ ಇನ್ನೊಂದು ದಾರಿಯಿದೆ. ನಿಮ್ಮ ಪಂಚಾಯತು ಅದನ್ನು ನೋಡಿಯೇ ಇಲ್ಲ ಎಂದು ನನ್ನ ಊಹೆ. 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 3ರ ಎರಡನೆಯ ಉಪವಿಭಾಗ ಹದಿಮೂರು ಬಗೆಯ ಸೌಲಭ್ಯಗಳನ್ನು ಹೆಸರಿಸುತ್ತದೆ: ಶಾಲೆ, ಅಂಗನವಾಡಿ, ಆಸ್ಪತ್ರೆ, ಪಡಿತರ ಅಂಗಡಿ, ವಿದ್ಯುತ್ ತಂತಿ, ಕೆರೆ, ಕುಡಿಯುವ ನೀರಿನ ಪೈಪು, ರಸ್ತೆ, ಹೀಗೆ. ಕಾಡಿನಲ್ಲೂ ಕಾಡಂಚಿನಲ್ಲೂ ಬದುಕುವವರಿಗಾಗಿ ಸರ್ಕಾರ ನಡೆಸುವ ಇಂಥ ಸೌಲಭ್ಯಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಸಾಕಾದರೆ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಹೋಗದಿದ್ದರೆ, ಗ್ರಾಮಸಭೆ ಶಿಫಾರಸು ಮಾಡಿದರೆ, 1980ರ ಕಾಯ್ದೆಯ ಉದ್ದನೆಯ ಮೆಟ್ಟಿಲುಗಳನ್ನು ಹತ್ತಬೇಕಿಲ್ಲ. ವಿಭಾಗೀಯ ಅರಣ್ಯಾಧಿಕಾರಿಯ ಮಟ್ಟದಲ್ಲೇ ತೀರ್ಮಾನವಾಗಬಹುದು. ಕ್ರಮ ಹೇಗೆ ಎಂಬುದನ್ನು 2009ರ ಮೇ 18ರಂದು ಬುಡಕಟ್ಟು ವ್ಯವಹಾರಗಳ ಸಚಿವಾಲಯ ಬರೆದು ಕೊಟ್ಟಿದೆ.

ಲೆಕ್ಕ ಹಾಕಿ ನೋಡೋಣ. ಒಂದೂವರೆ ಕಿಲೋಮೀಟರು ಎಂದರೆ 1500 ಮೀಟರು. ನಾಲ್ಕು ಮೀಟರು ಅಗಲವಾದರೆ 6000 ಚದರ ಮೀಟರು, ಅಂದರೆ 0.6 ಹೆಕ್ಟೇರು. ಆ ಜಾಗಕ್ಕೆ ಮರದ ಮಿತಿ 45. ಆರೂವರೆ ಮೀಟರು ಅಗಲ ಕೇಳಿದರೆ 0.975 ಹೆಕ್ಟೇರಾಗಿ ಮಿತಿಯ ಅಂಚಿಗೆ ಬಂದು ನಿಲ್ಲುತ್ತೀರಿ. ಎಂಟು ಮೀಟರು ಕೇಳಿದರೆ ಬಾಗಿಲು ಮುಚ್ಚಿತು. ನಾನು ಕಂಡ ಬಹಳ ಪ್ರಸ್ತಾವನೆಗಳು ಬಿದ್ದದ್ದು ಇಲ್ಲಿಯೇ. ‘ಹೇಗೂ ಕೇಳುತ್ತಿದ್ದೇವೆ, ಎರಡು ಬಸ್ಸು ಎದುರುಬದುರು ಹೋಗುವಷ್ಟು ಕೇಳೋಣ’ ಎನ್ನುವ ಆಸೆ. ನಿಮ್ಮ ಅತ್ತೆಯವರನ್ನು ಆಸ್ಪತ್ರೆಗೆ ಸಾಗಿಸಲು ಜೀಪು ಬಂದರೆ ಸಾಕಲ್ಲವೇ? ನಾಲ್ಕು ಮೀಟರೇ ಕೇಳಿ. ಎದುರು ವಾಹನಕ್ಕೆ ದಾರಿ ಬಿಡಲು ಮರವಿಲ್ಲದ ಒಂದೆರಡು ಕಡೆ ಬದಿ ಅಗಲ ಮಾಡಿದರಾಯಿತು. ಅರ್ಜಿದಾರರು ನೀವಲ್ಲ, ಪಂಚಾಯತು. ಸೌಲಭ್ಯ ಸರ್ಕಾರದ್ದಾಗಿರಬೇಕು ಎಂಬ ಮಾತು ನೆನಪಿರಲಿ. 2023ರ ತಿದ್ದುಪಡಿಯಲ್ಲಿ ಜನವಸತಿಗೆ ಸಂಪರ್ಕಕ್ಕೆಂದು 0.10 ಹೆಕ್ಟೇರಿನ ವಿನಾಯಿತಿ ಬಂದಿದೆಯಲ್ಲ ಎಂದು ಯಾರಾದರೂ ಹೇಳಬಹುದು. ಅದು ಸರ್ಕಾರಿ ರಸ್ತೆ ಅಥವಾ ರೈಲು ಹಳಿಯ ಬದಿಯ ಅರಣ್ಯಕ್ಕೆ ಸಂಬಂಧಿಸಿದ್ದು. ನಾಲ್ಕು ಮೀಟರು ಅಗಲಕ್ಕೆ 250 ಮೀಟರು ಉದ್ದ ಮಾತ್ರ ಸಿಗುತ್ತದೆ. ನಿಮ್ಮ ದಾರಿಗೆ ಸಾಲದು.

ಗ್ರಾಮಸಭೆ ಎಂದೆನಲ್ಲ, ಎಡವುವುದು ಅಲ್ಲಿಯೇ. ಕೇರಳದ ಪಂಚಾಯತು ಕಾಯ್ದೆಯ ಗ್ರಾಮಸಭೆ ಎಂದರೆ ವಾರ್ಡಿನ ಮತದಾರರ ಸಭೆ. ಹತ್ತರಲ್ಲೊಬ್ಬರು ಬಂದರೆ ಕೋರಂ ಆಗುತ್ತದೆ. ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆ ಬೇರೆ. ಅದಕ್ಕೆ ಊರಿನ ವಯಸ್ಕರಲ್ಲಿ ಅರ್ಧದಷ್ಟಾದರೂ ಜನ ಹಾಜರಿರಬೇಕು, ಹಾಜರಾದವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕು. ವಾರ್ಡ್ ಸಭೆಯ ನಿರ್ಣಯದ ಜೆರಾಕ್ಸ್ ಪ್ರತಿಯನ್ನೇ ಅರಣ್ಯ ಕಚೇರಿಗೆ ಕಳುಹಿಸಿ, ಅದು ಹಿಂದಕ್ಕೆ ಬಂದಾಗ ‘ಅರಣ್ಯದವರು ಬೇಕೆಂದೇ ಮಾಡುತ್ತಿದ್ದಾರೆ’ ಎಂದು ಕೂಗಾಡುವುದನ್ನು ನೋಡಿದ್ದೇನೆ. ಈ ಸಲ ಅವರ ತಪ್ಪಿರಲಿಲ್ಲ. ನಿಮ್ಮ ಇಪ್ಪತ್ತೆರಡು ಮನೆಗಳ ಸಭೆ ಸೇರಿಸಿ, ಪಂಚಾಯತಿನಿಂದಲೇ ಕರೆಸಿ. ಯಾರ ಯಾರ ಮನೆಯಿಂದ ಎಷ್ಟು ಜನ ವಯಸ್ಕರು, ಬಂದವರು ಎಷ್ಟು, ಹೆಂಗಸರು ಎಷ್ಟು ಎಂದು ವಹಿಯಲ್ಲಿ ಮೊದಲೇ ಬರೆದು ಸಹಿ ತೆಗೆದುಕೊಳ್ಳಿ. ಕೊರಗರ ಮನೆಯವರು ಬಂದು ಕೊನೆಯ ಬೆಂಚಿನಲ್ಲಿ ಕುಳಿತು ಹೋದರು ಎಂದಾಗಬಾರದು. ಅವರು ಮಾತನಾಡಿದ್ದು ಅವರ ಹೆಸರಿನಲ್ಲಿ ದಾಖಲಾಗಲಿ. ಏಕೆಂದರೆ ಪೈಪಿನ ವಿಷಯದಲ್ಲಿ ಇಡೀ ಬೈಲಿನ ಬಲ ಅವರ ಹತ್ತಿರ ಇದೆ.

ಈಗ ಪೈಪಿಗೆ ಬರುತ್ತೇನೆ. ನೀರಿನದೋ ಗ್ಯಾಸಿನದೋ ಗೊತ್ತಿಲ್ಲ ಎಂದಿದ್ದೀರಿ. ಅದು ತಿಳಿಯದೆ ಯಾವ ಕಾಗದವನ್ನೂ ಬರೆಯಬೇಡಿ. ಮನೆ ಮನೆಗೆ ನಲ್ಲಿ ಕೊಡುವ ಜಲಜೀವನ್ ಕೆಲಸದ ಪೈಪಾಗಿದ್ದು, ಇರುವ ರಸ್ತೆಯ ಮಿತಿಯೊಳಗೆ ಎರಡು ಮೀಟರು ಆಳ, ಒಂದು ಮೀಟರು ಅಗಲ ಮೀರದ ಕಣಿ ತೋಡಿ, ಮರ ಕಡಿಯದೆ ಹೂಳುವುದಾದರೆ, ಅದಕ್ಕೆ ಸಚಿವಾಲಯದ ಸಾಮಾನ್ಯ ಒಪ್ಪಿಗೆ ಮೊದಲೇ ಇದೆ. ವಿರೋಧಿಸುವುದಕ್ಕಿಂತ ನಿಮ್ಮ ಮನೆಗಳಿಗೂ ಒಂದು ಸಂಪರ್ಕ ಕೇಳುವುದು ಲೇಸು. ರಸ್ತೆ ಬಿಟ್ಟು ಕಾಡಿನ ನಡುವೆ ಕಲ್ಲುಗಳು ನೇರ ಸಾಲಾಗಿ ಹೋಗಿದ್ದರೆ ಅದು ಬೇರೆ ಬಗೆಯದು.

ಅನಿಲ ಅಥವಾ ತೈಲದ ಪೈಪಾದರೆ ನಿಮ್ಮ ಖಾಸಗಿ ತೋಟಗಳಿಗೆ ಒಂದು ಕಾನೂನು, ಕಾಡಿಗೆ ಇನ್ನೊಂದು. ತೋಟದ ವಿಷಯವನ್ನು ಬೇಗ ಮುಗಿಸುತ್ತೇನೆ. 1962ರ ಪೆಟ್ರೋಲಿಯಂ ಮತ್ತು ಖನಿಜ ಪೈಪ್‌ಲೈನ್ ಕಾಯ್ದೆಯಂತೆ ರಾಜ್ಯಪತ್ರದಲ್ಲಿ ಅಧಿಸೂಚನೆ ಬರುತ್ತದೆ; ಅಂದಿನಿಂದ 21 ದಿನಗಳೊಳಗೆ ಲಿಖಿತ ಆಕ್ಷೇಪ ಕೊಡಬೇಕು, ಕೊಟ್ಟವರ ಮಾತನ್ನು ಖುದ್ದಾಗಿ ಕೇಳಬೇಕು. ಅಧಿಸೂಚನೆಗೆ ಮೊದಲು ಮನೆ ಇದ್ದ ಜಾಗದಡಿ, ಮನೆಗೆ ಹೊಂದಿಕೊಂಡ ಅಂಗಳದಡಿ ಪೈಪು ಹಾಯುವಂತಿಲ್ಲ. ಭೂಮಿಯ ಒಡೆತನ ನಿಮ್ಮದೇ ಉಳಿಯುತ್ತದೆ, ಬಳಕೆಯ ಹಕ್ಕು ಮಾತ್ರ ಹೋಗುತ್ತದೆ. ಆದರೆ ಆ ಪಟ್ಟಿಯಲ್ಲಿ ಕಟ್ಟಡ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಅಡಿಕೆಯವರಿಗೆ ಇದರ ಅರ್ಥ ನಾನು ಬಿಡಿಸಿ ಹೇಳಬೇಕಿಲ್ಲ. ಕೊಚ್ಚಿಯಿಂದ ನಮ್ಮ ಜಿಲ್ಲೆಯನ್ನು ದಾಟಿ ಮಂಗಳೂರಿಗೆ ಹೋಗುವ 450 ಕಿಲೋಮೀಟರಿನ ಅನಿಲ ಪೈಪು 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಅದರ ಕಾಮಗಾರಿಯ ಕಾಲದಲ್ಲಿ, 2017ರಲ್ಲಿ, ಕೋಯಿಕ್ಕೋಡು ಜಿಲ್ಲೆಯ ಮುಕ್ಕಂನಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. ಆಮೇಲೆ ಪರಿಹಾರದ ಮೊತ್ತ ಏರಿತು. ಪೈಪು ಅದೇ ಹಾದಿಯಲ್ಲಿ ಹೋಯಿತು. ಅಗೆಯುವ ಯಂತ್ರ ಬಂದ ಮೇಲೆ ಎದ್ದ ದನಿಗೆ ಹಣ ಹೆಚ್ಚಿಸುವ ಶಕ್ತಿ ಇರುತ್ತದೆ, ಹಾದಿ ತಿರುಗಿಸುವ ಶಕ್ತಿ ಇರುವುದು ಅಪರೂಪ.

ಕಾಡಿನ ವಿಷಯ ನಿಧಾನವಾಗಿ ನೋಡಬೇಕಾದದ್ದು. ಅರಣ್ಯವನ್ನು ಬೇರೆ ಕೆಲಸಕ್ಕೆ ಕೊಡುವ ಮೊದಲು ಅರಣ್ಯ ಹಕ್ಕುಗಳ ಇತ್ಯರ್ಥವಾಗಿರಬೇಕು, ಗ್ರಾಮಸಭೆ ಒಪ್ಪಿರಬೇಕು ಎಂದು ಪರಿಸರ ಸಚಿವಾಲಯ 2009ರ ಆಗಸ್ಟ್ 3ರಂದು ಸುತ್ತೋಲೆ ಹೊರಡಿಸಿತು. ಒಳ್ಳೆಯ ಸುತ್ತೋಲೆ. 2013ರ ಫೆಬ್ರವರಿ 5ರಂದು ಅದೇ ಸಚಿವಾಲಯ ಅದಕ್ಕೊಂದು ತೂತು ಕೊರೆಯಿತು: ರಸ್ತೆ, ಕಾಲುವೆ, ಪೈಪು, ವಿದ್ಯುತ್ ತಂತಿಗಳಂತೆ ಹಲವು ಊರುಗಳನ್ನು ಹಾದು ಉದ್ದಕ್ಕೆ ಹೋಗುವ ಯೋಜನೆಗಳಿಗೆ ಗ್ರಾಮಸಭೆಯ ಒಪ್ಪಿಗೆ ಬೇಡ. ಇಷ್ಟು ಓದಿ ಕಂಪನಿಯವರು ಪುಸ್ತಕ ಮುಚ್ಚುತ್ತಾರೆ. ಮುಂದಿನ ಅರ್ಧ ವಾಕ್ಯವನ್ನು ನೀವು ಓದಬೇಕು: ಅತಿ ದುರ್ಬಲ ಬುಡಕಟ್ಟುಗಳ, ಕೃಷಿಪೂರ್ವ ಸಮುದಾಯಗಳ ಮಾನ್ಯವಾದ ಹಕ್ಕುಗಳಿಗೆ ಧಕ್ಕೆಯಾಗುವುದಾದರೆ ಈ ವಿನಾಯಿತಿ ಇಲ್ಲ. ಕೇರಳದಲ್ಲಿ ಅಂಥ ಬುಡಕಟ್ಟುಗಳೆಂದು ಗುರುತಿಸಿರುವುದು ಐದನ್ನು. ಕೊರಗರು ಅವರಲ್ಲಿ ಒಬ್ಬರು.

ನಿಮ್ಮ ಬೈಲಿನ ಏಳು ಮನೆಗಳವರು ಬುಟ್ಟಿ ಹೆಣೆಯಲು ಬೀಳು ತರುವುದು ಎಲ್ಲಿಂದ? ಜೇನು, ಔಷಧಿಯ ಬೇರು, ಸೌದೆ ಎಲ್ಲಿಂದ? ಅವರ ದೈವದ ಕಲ್ಲು ಎಲ್ಲಿದೆ? ಕಲ್ಲು ನೆಟ್ಟ ಆ ಕಾಡಿನಲ್ಲಿಯೇ ಎಂದಾದರೆ ಅವೆಲ್ಲ ಕಾನೂನಿನ ಕಣ್ಣಿನಲ್ಲಿ ಹಕ್ಕುಗಳು. ಆದರೆ ಆ ಸುತ್ತೋಲೆಯಲ್ಲಿ ‘ಮಾನ್ಯವಾದ’ ಎಂಬ ಒಂದು ಪದವಿದೆ ನೋಡಿ, ಇಡೀ ಆಟ ಅದರ ಮೇಲೆ ನಿಂತಿದೆ. ಬಾಯಿಮಾತಿನ ಹಕ್ಕನ್ನು ‘ಇನ್ನೂ ಮಾನ್ಯವಾಗಿಲ್ಲ’ ಎಂದು ಪಕ್ಕಕ್ಕಿಡುತ್ತಾರೆ. ಆದ್ದರಿಂದ ಪೈಪಿನ ವಿರುದ್ಧ ಮನವಿ ಬರೆಯುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಸಮುದಾಯ ಹಕ್ಕಿನ ಅರ್ಜಿ, ಅಂದರೆ ಕಾಯ್ದೆಯ ನಿಯಮಗಳಲ್ಲಿರುವ ‘ಬಿ’ ನಮೂನೆ. ಕಾಡನ್ನೇ ನೋಡಿಕೊಳ್ಳುವ ಹಕ್ಕು ಕೇಳುವುದಾದರೆ ‘ಸಿ’ ನಮೂನೆ. ಬುಡಕಟ್ಟಿನ ನೆಲೆಯ ಹಕ್ಕು ಎಂಬುದೊಂದು ಸೆಕ್ಷನ್ 3ರ ಮೊದಲ ಉಪವಿಭಾಗದಲ್ಲಿದೆ. ಕೊರಗರಂಥ ಸಮುದಾಯಗಳಿಗಾಗಿಯೇ ಬರೆದದ್ದು ಅದು. ಗ್ರಾಮಸಭೆ ಅರಣ್ಯ ಹಕ್ಕು ಸಮಿತಿಯನ್ನು ಆರಿಸಬೇಕು, ಅರ್ಜಿ ಉಪವಿಭಾಗ ಸಮಿತಿಯನ್ನು ದಾಟಿ ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಜಿಲ್ಲಾ ಸಮಿತಿಗೆ ಹೋಗಬೇಕು. ನಿಧಾನದ ಕೆಲಸ. ಆದರೆ ಅರ್ಜಿ ಸಲ್ಲಿಸಿದ ರಸೀದಿಯೂ ಒಂದು ದಾಖಲೆಯೇ. ಹಕ್ಕಿನ ಪರಿಶೀಲನೆ ಮುಗಿಯುವ ತನಕ ಅರಣ್ಯವಾಸಿಗಳನ್ನು ಅವರ ಜಾಗದಿಂದ ಎಬ್ಬಿಸಬಾರದು ಎಂದು ಕಾಯ್ದೆಯ ನಾಲ್ಕನೆಯ ಸೆಕ್ಷನ್ ಹೇಳುತ್ತದೆ. ಉಳಿದ ಹದಿನೈದು ಮನೆಯವರು ಬುಡಕಟ್ಟಿನವರಲ್ಲದಿದ್ದರೆ, 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ಅವಲಂಬಿಸಿ ಅಲ್ಲಿ ಬದುಕಿದ್ದನ್ನು ತೋರಿಸಬೇಕಾಗುತ್ತದೆ. ಅದು ಕಷ್ಟ. ಹಾಗೆಂದು ಕೊರಗರ ಅರ್ಜಿಯನ್ನು ನಿಮ್ಮ ಪೈಪಿನ ಜಗಳಕ್ಕೆ ಗುರಾಣಿಯಾಗಿ ಮಾತ್ರ ಬಳಸಬೇಡಿ. ಅವರಿಗೆ ಪೈಪಿಗಿಂತ ಬೇರೆ ಆತಂಕಗಳಿರಬಹುದು, ಮೊದಲು ಕೇಳಿ. ಪೈಪು ಬರಲಿ, ಬಾರದಿರಲಿ, ಆ ಹಕ್ಕುಪತ್ರ ಅವರಿಗೆ ಸಲ್ಲಬೇಕಾದದ್ದು.

ಸಮಯದ ಬಗ್ಗೆ ಒಂದು ಎಚ್ಚರಿಕೆ. ಮೊದಲು ಕೇಂದ್ರದ ಒಪ್ಪಿಗೆಗೆ ಮುಂಚೆಯೇ ಹಕ್ಕುಗಳ ಲೆಕ್ಕ ಮುಗಿಯಬೇಕಿತ್ತು. 2022ರ ನಿಯಮಗಳಿಂದೀಚೆಗೆ ಕೇಂದ್ರ ತನ್ನ ಒಪ್ಪಿಗೆ ಕೊಟ್ಟುಬಿಡುತ್ತದೆ. ಅರಣ್ಯ ಹಕ್ಕು ಕಾಯ್ದೆ ಪಾಲನೆಯಾಗಿದೆಯೇ ಎಂದು ರಾಜ್ಯ ಸರ್ಕಾರ ತನ್ನ ಕೊನೆಯ ಆದೇಶಕ್ಕೆ ಮುಂಚೆ ನೋಡಿಕೊಳ್ಳಬೇಕು. ಎರಡು ಒಪ್ಪಿಗೆಗಳಿರುತ್ತವೆ, ತಾತ್ವಿಕ ಮತ್ತು ಅಂತಿಮ. ಉದ್ದಕ್ಕೆ ಹೋಗುವ ಯೋಜನೆಗಳಿಗೆ ತಾತ್ವಿಕ ಒಪ್ಪಿಗೆ ಸಿಕ್ಕಿ, ಹಣ ಕಟ್ಟಿದ ಮೇಲೆ, ಕೆಲಸ ಶುರುಮಾಡುವ ಅನುಮತಿಯನ್ನೂ ಕೊಡಬಹುದು. ‘ಇನ್ನೂ ಅಂತಿಮ ಒಪ್ಪಿಗೆ ಆಗಿಲ್ಲವಲ್ಲ’ ಎಂದು ನೀವು ನೆಮ್ಮದಿಯಿಂದ ಇರುವಾಗ ಗರಗಸದ ಸದ್ದು ಕೇಳಬಹುದು.

ಹಾಗಾಗಿ ಕಡತ ಎಲ್ಲಿದೆ ಎಂದು ಹುಡುಕುವುದು ಈ ವಾರದ ಕೆಲಸ. ಅರಣ್ಯ ಬೇಕೆನ್ನುವ ಎಲ್ಲ ಪ್ರಸ್ತಾವನೆಗಳೂ ಸಚಿವಾಲಯದ ‘ಪರಿವೇಶ್’ ಎಂಬ ತಾಣಕ್ಕೆ ಹೋಗುತ್ತವೆ. ರಾಜ್ಯ, ಜಿಲ್ಲೆ, ಬಗೆ ಆರಿಸಿದರೆ ಪಟ್ಟಿ ಬರುತ್ತದೆ. ನಿಮ್ಮ ಮನೆಯಲ್ಲಿ ಮೊಬೈಲು ಬಲ್ಲ ಹುಡುಗ, ಹುಡುಗಿ ಇದ್ದೇ ಇರುತ್ತಾರೆ. ಪ್ರಸ್ತಾವನೆಯ ಜೊತೆ ಪೈಪು ಸಾಗುವ ಹಾದಿಯ ನಕ್ಷೆಯ ಫೈಲು ಇರುತ್ತದೆ. ಅದನ್ನು ಮೊಬೈಲಿನ ಭೂಪಟದ ಮೇಲೆ ತೆರೆದರೆ ಯಾವ ಗುಡ್ಡೆ, ಯಾವ ತೋಡು ಎಂದು ಕಾಣುತ್ತದೆ. ನನಗೆ ಅದಕ್ಕಿಂತ ಇಷ್ಟವಾದದ್ದು ವಿಭಾಗೀಯ ಅರಣ್ಯಾಧಿಕಾರಿ ತುಂಬಬೇಕಾದ ಭಾಗ. ಕಾಡಿನ ದಟ್ಟಣೆ ಎಷ್ಟು, ಕಡಿಯಬೇಕಾದ ಮರ ಎಷ್ಟು, ಕಾಡುಪ್ರಾಣಿಗಳು ಓಡಾಡುವ ಜಾಗವೇ, ಬೇರೆ ಹಾದಿ ನೋಡಿದ್ದಾರೆಯೇ, ಇವೆಲ್ಲ ಅಲ್ಲಿರುತ್ತವೆ. ಆ ಭಾಗ ಖಾಲಿಯಾಗಿರುವ ಕಾಲವೇ ನಿಮ್ಮ ಕಾಲ. ತುಂಬುವ ಮೊದಲು ಆ ಅಧಿಕಾರಿಯ ಮೇಜಿನ ಮೇಲೆ ನಿಮ್ಮ ಕಾಗದವಿದ್ದರೆ, ಅದನ್ನು ನೋಡಿಲ್ಲ ಎಂದು ಬರೆಯುವುದು ಅವರಿಗೂ ಕಷ್ಟ. ತಾಣದಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ, ಮೂವತ್ತು ದಿನ.

ಆ ಕಾಗದದಲ್ಲಿ ಏನಿರಬೇಕು? ‘ಪ್ರಕೃತಿಯ ಮಡಿಲಿನಲ್ಲಿ ಬದುಕುವ ನಾವು’ ಎಂದು ಶುರುವಾಗುವ ಮನವಿಗಳನ್ನು ನಾನು ನೂರು ಓದಿರಬಹುದು. ಅವುಗಳ ಮೇಲೆ ‘ನೋಡಲಾಗಿದೆ’ ಎಂದು ಬರೆದು ಕಡತಕ್ಕೆ ಸೇರಿಸುವುದಕ್ಕೆ ಅರ್ಧ ನಿಮಿಷ ಸಾಕು. ಉತ್ತರ ಕೊಡಲೇಬೇಕಾದ ಕಾಗದ ಬೇರೆ ಬಗೆಯದು. ಉದಾಹರಣೆಗೆ ಸುರಂಗಗಳು. ನಮ್ಮ ಕಡೆ ಮುರಕಲ್ಲಿನ ಗುಡ್ಡೆಯ ಬದಿಯಲ್ಲಿ ಅಡ್ಡಕ್ಕೆ ಕೊರೆದ ಸುರಂಗದ ನೀರನ್ನು ನಂಬಿ ಎಷ್ಟು ಮನೆಗಳಿವೆ! ಮಳೆನೀರು ಮುರಕಲ್ಲಿನ ತೂತುಗಳಲ್ಲಿ ಇಳಿದು ಕೆಳಗಿನ ಜೇಡಿಯ ಪದರದ ಮೇಲೆ ನಿಂತು, ಸುರಂಗದ ಬಾಯಿಗೆ ಒಸರುತ್ತದೆ. ಅದರ ಮೇಲ್ಭಾಗದಲ್ಲಿ ಗುಡ್ಡೆಗೆ ಅಡ್ಡಲಾಗಿ ಆಳದ ಕಣಿ ತೋಡಿದರೆ ನೀರು ಕಣಿಯ ಉದ್ದಕ್ಕೂ ಹರಿದು ಬೇರೆ ಕಡೆ ಹೋಗಬಹುದು. ಹೊರಗಿನಿಂದ ಬಂದ ಎಂಜಿನಿಯರಿಗೆ ಸುರಂಗ ಎಂದರೆ ರೈಲು ಹೋಗುವುದು. ಅವರ ನಕ್ಷೆಯಲ್ಲಿ ನಿಮ್ಮ ನೀರು ಇಲ್ಲ. ನೀವೇ ಗುರುತಿಸಿ ಕೊಡಬೇಕು: ಇಂಥ ಸರ್ವೆ ನಂಬರಿನಲ್ಲಿ ಇಷ್ಟು ಕೋಲು ಉದ್ದದ ಸುರಂಗ, ಇಷ್ಟು ಮನೆಗಳಿಗೆ ನೀರು, ನೆಟ್ಟ ಕಲ್ಲಿಗೆ ಇಷ್ಟು ಮೀಟರು ದೂರ.

ಹಾಗೆಯೇ ಆನೆ. ಕಾರಡ್ಕ, ಮುಳಿಯಾರು, ದೇಲಂಪಾಡಿ ಕಡೆ ಆನೆಯ ಹಾವಳಿ ನಿಮಗೆ ಗೊತ್ತಿರುವುದೇ. ಕಾರಡ್ಕ ಬ್ಲಾಕ್ ಪಂಚಾಯತು ಮುಂದೆ ನಿಂತು ಸೋಲಾರ್ ತೂಗುಬೇಲಿ ಹಾಕಿಸಿದ್ದು ಅದಕ್ಕಾಗಿಯೇ. ಪೈಪಿನ ಪಟ್ಟಿಗಾಗಿ ಕಾಡನ್ನು ಸೀಳಿ, ಬೇಲಿಯನ್ನು ನಾಲ್ಕು ತಿಂಗಳು ಬಿಚ್ಚಿಟ್ಟರೆ ಆನೆಗೆ ಅದೇ ಹೆಬ್ಬಾಗಿಲು. ಕೆಲಸ ನಡೆಯುವಾಗ ಬೇಲಿ ಯಾರ ಹೊಣೆ, ಮುಗಿದ ಮೇಲೆ ಆ ತೆರವಾದ ಪಟ್ಟಿಯಲ್ಲಿ ವಾಹನ ಓಡಾಡದಂತೆ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ. ಪೈಪಿಗಾಗಿ ಕಡಿದ ಪಟ್ಟಿ ಎರಡು ವರ್ಷಗಳಲ್ಲಿ ಮರಗಳ್ಳರ ರಸ್ತೆಯಾಗುವುದುಂಟು. ಕಾಡುಪ್ರಾಣಿಗಳ ಹಾವಳಿಯನ್ನು ಚರ್ಚಿಸುವ ಪಂಚಾಯತು ಮಟ್ಟದ ಜನಜಾಗ್ರತಾ ಸಮಿತಿಯ ನಡಾವಳಿಯಲ್ಲಿ ಇದು ಬರಲಿ. ಮತ್ತೆ, ಬರೀ ‘ಬೇಡ’ ಎನ್ನುವುದಕ್ಕಿಂತ ಬೇರೆ ಹಾದಿ ತೋರಿಸಿದ ಕಾಗದಕ್ಕೆ ತೂಕ ಹೆಚ್ಚು. ಅರಣ್ಯವನ್ನು ತಪ್ಪಿಸಲು ಸಾಧ್ಯವಿರಲಿಲ್ಲ ಎಂದು ತೋರಿಸುವುದು ಅರ್ಜಿದಾರರ ಹೊಣೆ. ಇರುವ ರಸ್ತೆಯ ಬದಿಯಲ್ಲೇ ಹೋಗಲು ಏನು ಅಡ್ಡಿ ಎಂದು ನೀವು ನಕ್ಷೆ ಸಮೇತ ಕೇಳಿದರೆ ಅವರು ಬಾಯಿ ಬಿಡಲೇಬೇಕು.

ಒಂದು ವೇಳೆ ಯೋಜನೆ ದೊಡ್ಡದಾಗಿ, ಅಹವಾಲು ಸಭೆ ಬಂದೇ ಬಂದರೆ, ನಾನು ಕಲಿತ ಒಂದು ಪಾಠ ಹೇಳುತ್ತೇನೆ. ಬಹಳ ಹಿಂದೆ ಇಂಥ ಒಂದು ಸಭೆಗೆ ಹೋಗಿದ್ದೆ. ಊಟದ ಹೊತ್ತಿನವರೆಗೂ ಜನ ಕೂಗಿದರು, ಒಬ್ಬ ಹಿರಿಯರು ಅತ್ತರು. ಮಧ್ಯಾಹ್ನ ಎಲ್ಲರೂ ಬಸ್ಸು ಹಿಡಿದರು. ತಿಂಗಳಾದ ಮೇಲೆ ನಡಾವಳಿ ನೋಡಿದರೆ ‘ಸೂಕ್ತ ಪರಿಹಾರ ಕೊಡುವಂತೆ ಸಭಿಕರು ಕೋರಿದರು’ ಎಂಬ ಒಂದೇ ಸಾಲು. ನಿಯಮ ಏನೆಂದರೆ, ಸಭೆಯ ಕೊನೆಗೆ ನಡಾವಳಿಯ ಸಾರವನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಂದೇ ಸಹಿ ಹಾಕಬೇಕು, ಎಲ್ಲವನ್ನೂ ವಿಡಿಯೊ ಮಾಡಬೇಕು. ಅಂದು ಓದುವ ಹೊತ್ತಿಗೆ ಕೇಳಲು ಅಲ್ಲಿ ಯಾರೂ ಇರಲಿಲ್ಲ. ನಾನೂ ಇರಲಿಲ್ಲ, ಸುಳ್ಳು ಹೇಳಲಾರೆ. ನಿಮ್ಮವರಲ್ಲಿ ನಾಲ್ವರಾದರೂ ಕೊನೆಯ ತನಕ ಕುಳಿತಿರಿ, ಹೇಳಬೇಕಾದ್ದನ್ನು ಬರೆದುಕೊಂಡು ಹೋಗಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಕನ್ನಡದ ಪ್ರಶ್ನೆಗೆ ಉತ್ತರ: ನಡೆಯುತ್ತದೆ. 1969ರ ಕೇರಳದ ಅಧಿಕೃತ ಭಾಷೆಗಳ ಕಾಯ್ದೆಯಂತೆ ಇಲ್ಲಿನ ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿಗೂ ಇಲಾಖಾ ಮುಖ್ಯಸ್ಥರಿಗೂ ತಮ್ಮ ಪ್ರದೇಶದ ಸರ್ಕಾರಿ ಕಚೇರಿಗಳಿಗೂ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಸಂವಿಧಾನದ 350ನೆಯ ವಿಧಿಯೂ ನಿಮ್ಮ ಜೊತೆಗಿದೆ. ಕನ್ನಡದಲ್ಲೇ ಬರೆಯಿರಿ. ಆದರೆ ಜೊತೆಗೆ ಒಂದು ಪುಟ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರಲಿ: ಸರ್ವೆ ನಂಬರು, ಅಳತೆ, ಬೇಡಿಕೆ, ಇಷ್ಟೇ. ಭಾಷಾಂತರಕ್ಕೆಂದು ಕಳುಹಿಸಿದ ಕಾಗದ ಎರಡು ತಿಂಗಳು ಒಂದು ಕಪಾಟಿನಲ್ಲಿ ಕೂತದ್ದು ನನಗೆ ಗೊತ್ತು. ಅಷ್ಟರಲ್ಲಿ ಕಡತ ಜಿಲ್ಲೆಯನ್ನು ದಾಟಿತ್ತು. ತಮಾಷೆಯೆಂದರೆ ಕೇರಳದ ಅರಣ್ಯ ಪ್ರಸ್ತಾವನೆಗಳನ್ನು ನೋಡುವ ಸಚಿವಾಲಯದ ಪ್ರಾದೇಶಿಕ ಕಚೇರಿ ಇರುವುದು ಬೆಂಗಳೂರಿನಲ್ಲಿ. ರಸ್ತೆ, ಪೈಪಿನಂಥವು ಅಲ್ಲಿಗೇ ಹೋಗುತ್ತವೆ. ಕಾಸರಗೋಡಿನಲ್ಲಿ ಓದುವವರಿಲ್ಲದೆ ಕುಳಿತ ನಿಮ್ಮ ಕನ್ನಡದ ಪತ್ರವನ್ನು ಅಲ್ಲಿ ಓದಬಲ್ಲವರು ಸಿಕ್ಕಾರು. ಒಂದು ಪ್ರತಿ ಸ್ಪೀಡ್ ಪೋಸ್ಟಿನಲ್ಲಿ ಅಲ್ಲಿಗೂ ಹಾಕಿ.

ಎಲ್ಲ ಮೀರಿ ರಾಜ್ಯ ಸರ್ಕಾರ ಜಾಗ ಬಿಟ್ಟುಕೊಡುವ ಆದೇಶ ಹೊರಡಿಸಿದರೆ ಚೆನ್ನೈಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹೋಗಬಹುದು. ಅವಧಿ 30 ದಿನ. ತಕ್ಕ ಕಾರಣವಿದ್ದರೆ ಇನ್ನು 60 ದಿನ. ಅದಕ್ಕೆ ವಕೀಲರು ಬೇಕು, ಖರ್ಚಿದೆ. ಅಲ್ಲಿ ನಿಮ್ಮನ್ನು ಮೊದಲು ಕೇಳುವ ಪ್ರಶ್ನೆ, ಇದನ್ನೆಲ್ಲ ಕೆಳಗಿನ ಅಧಿಕಾರಿಗಳಿಗೆ ಹೇಳಿದ್ದಿರಾ ಎಂದು. ಸ್ವೀಕೃತಿಯ ಮುದ್ರೆ ಬಿದ್ದ ಪ್ರತಿಗಳನ್ನು ಮಳೆಗೆ ನೆನೆಯದಂತೆ ಇಟ್ಟುಕೊಳ್ಳಿ.

ಇನ್ನು ಆ ಕಲ್ಲುಗಳು. ಕೀಳಬೇಡಿ ಎಂದು ಹುಡುಗರಿಗೆ ಹೇಳಿ. ಮೀಸಲು ಅರಣ್ಯದೊಳಗೆ ಅದು ಅವರ ಮೇಲೆ ಕೇಸಾಗುತ್ತದೆ, ಅಳತೆಯವರ ಬಳಿ ಹಾದಿಯ ದಾಖಲೆ ಹೇಗೂ ಇದೆ, ಮರುದಿನ ಬೇರೆ ಕಲ್ಲು ಬರುತ್ತದೆ. ಕಲ್ಲು ನೆಟ್ಟಿದ್ದು ಅನುಮತಿ ಸಿಕ್ಕಿದ್ದರ ಗುರುತೂ ಅಲ್ಲ. ಅದರ ಬದಲು ಅದೇ ಹುಡುಗರನ್ನು ಒಂದು ನೋಟ್‌ಬುಕ್ಕು, ಒಂದು ಮೊಬೈಲು, ಒಂದು ಟೇಪು ಕೊಟ್ಟು ಕಳುಹಿಸಿ. ಬಣ್ಣ ಬಳಿದ ಪ್ರತಿ ಕಲ್ಲಿನ ಮೇಲೆ ಸಂಖ್ಯೆಯೋ ಅಕ್ಷರವೋ ಇರುತ್ತದೆ. ಅದನ್ನು ಕಾಣುವಂತೆ ಫೋಟೊ ತೆಗೆಯಲಿ, ಮೊಬೈಲಿನಲ್ಲಿ ಆ ಜಾಗದ ಅಕ್ಷಾಂಶ ರೇಖಾಂಶ ಬರೆದುಕೊಳ್ಳಲಿ, ಎರಡೂ ಬದಿಗೆ ಐದೈದು ಮೀಟರಿನಲ್ಲಿ ನಿಂತ ಮತ್ತಿ, ನೇರಳೆ, ಹೆಬ್ಬಲಸನ್ನು ಎಣಿಸಲಿ. ಜೊತೆಗೆ ಕೊರಗರ ಮನೆಯಿಂದ ಒಬ್ಬರು ಹಿರಿಯರು ಹೋಗಲಿ, ಬೀಳು ಎಲ್ಲಿ ಸಿಗುತ್ತದೆ ಎಂದು ಅವರು ತೋರಿಸುತ್ತಾರೆ. ಎರಡು ದಿನದ ಕೆಲಸ. ಆಟಿಗೆ ಮೊದಲು ಮುಗಿಸಿಕೊಳ್ಳಿ, ಆಮೇಲೆ ಆ ದಾರಿಯಲ್ಲಿ ಜಿಗಣೆ.